ಮಾಲ್ಸುನಕ್ಕನ ಕತ್ತಿನ ಗಂಟು

ಕೊರಿಯಾದ ಮೊಕ್ಪೋ ಬಂದರಿನ ಮಾರುಕಟ್ಟೆಯಲ್ಲಿ ಪ್ಯೋ ಮಾಲ್ಸುನಕ್ಕನ ಒಣಮೀನಿನ ಅಂಗಡಿಗೂ ನನ್ನ ಕಡಲಪಾಚಿಯ ಅಂಗಡಿಗೂ ನಡುವೆ ಒಂದೇ ಗೋಡೆ. ಅಕ್ಕ ಯಾರನ್ನೂ ನಂಬಿದವಳಲ್ಲ. ದೋಣಿಯವರು ಮೀನು ತಂದರೆ ಮೇಲಿನದನ್ನು ನೋಡುವುದೇ ಇಲ್ಲ. ಬುಟ್ಟಿಯ ತಳಕ್ಕೆ ಕೈಹಾಕಿ ಒಂದನ್ನು ಎಳೆದು, ಕಿವಿರು ಬಿಡಿಸಿ ಮೂಸುತ್ತಾಳೆ. ಹೊಸ ತಕ್ಕಡಿ ಕೊಂಡರೆ ಅದೇ ಮೀನನ್ನು ನನ್ನ ತಕ್ಕಡಿಯಲ್ಲೂ ತೂಗುತ್ತಾಳೆ. ಎರಡೂ ಒಂದೇ ತೂಕ ತೋರಿಸಿದರೆ ನನ್ನನ್ನೇ ಒಂದು ಥರ ನೋಡುತ್ತಾಳೆ.

ಅವಳ ಬಂಡವಾಳ ಮೀನಲ್ಲ, ಗಂಟಲು. ಅವಳು ಕೂಗಿದರೆ ದ್ವೀಪದ ದೋಣಿ ಇಳಿದವರು ಬೇರೆ ಅಂಗಡಿ ಹತ್ತುವುದಿಲ್ಲ.

ಮೂರು ವರ್ಷದ ಹಿಂದೆ ಮಾರುಕಟ್ಟೆಯ ಮೂಲೆಯ ಕ್ಲಿನಿಕ್ಕಿನಲ್ಲಿ ಆರೋಗ್ಯ ತಪಾಸಣೆಯ ಜೊತೆಗೆ ಅಕ್ಕನ ಕತ್ತಿನ ಸ್ಕ್ಯಾನಿಂಗೂ ಮಾಡಿದರು. ಥೈರಾಯಿಡ್‌ನಲ್ಲಿ ಅಕ್ಕಿಕಾಳಿನಷ್ಟು ಗಂಟಿದೆ, ಲಕ್ಷಣ ಒಳ್ಳೆಯದಲ್ಲ, ತೆಗೆಸಿಬಿಡಿ ಎಂದರು ಅಲ್ಲಿನ ಡಾಕ್ಟರು.

"ತೆಗೆದ್ರೆ ದನಿ?" ಎಂದು ಅಕ್ಕ ಕೇಳಿದಳಂತೆ.

"ಸಾಮಾನ್ಯವಾಗಿ ಏನೂ ಆಗಲ್ಲ."

ಆ 'ಸಾಮಾನ್ಯವಾಗಿ' ಅವಳಿಗೆ ಗೊತ್ತಿದ್ದ ಸರಕೇ. "ಸಾಮಾನ್ಯವಾಗಿ ಉಪ್ಪು ಕಮ್ಮಿ" ಎಂದು ಅವಳೇ ದಿನಾ ಮಾರುವವಳು.

"ತಮ್ಮಾ, ನಾಳೆ ನೀನು ಹೋಗಿ ಕತ್ತು ತೋರಿಸ್ಕೊಂಡು ಬಾ," ಎಂದಳು ನನಗೆ.

"ನಂಗೇನಾಗಿದೆ ಅಕ್ಕಾ?"

"ಏನೂ ಆಗಿಲ್ಲ ಅಂತಾನೇ ಕಳಿಸ್ತಿರೋದು. ಗಟ್ಟಿಮುಟ್ಟಾಗಿರೋನ ಕತ್ತಲ್ಲೂ ಗಂಟು ತೋರಿಸಿದ್ರೆ, ಮಷಿನ್ನೇ ಮೋಸದ್ದು."

ಹೋದೆ. ತಣ್ಣನೆಯ ಲೋಳೆ ಬಳಿದು ಒತ್ತಿ ನೋಡಿದರು. ನನಗೆ ಒಂದಲ್ಲ, ಎರಡು ಗಂಟು.

ಅಕ್ಕನಿಗೆ ಹಬ್ಬ. "ನೋಡ್ದ್ಯಾ? ಬಂದೋರಿಗೆಲ್ಲ ಹಂಚ್ತಾರೆ. ನೀನು ಒಳ್ಳೆ ಗಿರಾಕಿ ಅಂತ ನಿಂಗೆ ಒಂದು ಜಾಸ್ತಿ."

ಎರಡು ತಿಂಗಳು ಮಾರುಕಟ್ಟೆಯಿಡೀ ಇದೇ ಮಾತು. ಅವಳು ಗೆದ್ದವಳ ಹಾಗೆ ಕೂಗುತ್ತಿದ್ದಳು; ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಗ್ವಾಂಗ್ಜುವಿನ ದೊಡ್ಡಾಸ್ಪತ್ರೆಯಲ್ಲಿ ಇಬ್ಬರ ಹೆಸರನ್ನೂ ಬರೆಸಿ, ಒಬ್ಬನೇ ಹೋಗಲು ಹೆದರಿಕೆ ಎಂದು ಅವಳನ್ನು ಕರೆದುಕೊಂಡು ಹೋದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಅಲ್ಲಿನ ಡಾಕ್ಟರು ಮ್ಯೊಂಗ್ ಎಂಬ ನರೆಗೂದಲ ಹೆಂಗಸು. ಇಬ್ಬರನ್ನೂ ಪರೀಕ್ಷಿಸಿ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. "ಇದು ನಿಮ್ಮದು. ಎರಡೂ ಬರೀ ನೀರುಗುಳ್ಳೆ, ಅಂಚು ನುಣ್ಣಗಿದೆ. ತುಂಬ ಜನಕ್ಕೆ ಇರತ್ತೆ, ಮರೆತುಬಿಡಿ. ಇದು ಅಮ್ಮನವರದು. ಅಂಚು ಒರಟು, ಒಳಗೆ ಬಿಳಿ ಚುಕ್ಕಿ. ಸೂಜಿ ಹಾಕಿ ನೋಡ್ಬೇಕು."

ಮಷಿನ್ನು ಇಬ್ಬರಿಗೂ ನಿಜವನ್ನೇ ಹೇಳಿತ್ತು. ಅಕ್ಕ ಅವತ್ತೇ ಸೂಜಿ ಹಾಕಿಸಿಕೊಂಡಳು.

ವಾರ ಬಿಟ್ಟು ಹೋದಾಗ ಕ್ಯಾನ್ಸರ್ ಎಂದೇ ತಿಳಿಯಿತು. "ಐದು ಮಿಲಿಮೀಟರ್ ಅಷ್ಟೇ," ಎಂದರು ಮ್ಯೊಂಗ್ ಡಾಕ್ಟರು. "ದನಿಯ ನರದಿಂದ ದೂರ ಇದೆ. ಆರು ತಿಂಗಳಿಗೊಂದ್ಸಲ ಸ್ಕ್ಯಾನ್ ಮಾಡಿ ಅಳೆಯೋಣ. ಬೆಳೆದ್ರೆ ಕೊಯ್ಯೋಣ. ಕೊಯ್ದಾಗ ದನಿಗೆ ಏನೂ ಆಗಲ್ಲ ಅಂತ ಮಾತು ಕೊಡಕ್ಕಾಗಲ್ಲ."

"ಇವತ್ತೇ ಕೊಯ್ದುಬಿಡಿ ಅಂದ್ರೆ?"

"ಕೊಯ್ತೀವಿ. ನಿಮ್ಮ ಜಾಗದಲ್ಲಿ ನಾನಿದ್ರೆ ಕಾಯ್ತಿದ್ದೆ."

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. "ಇವತ್ತು ತಗೋಬೇಡಿ ಅಂತ ಗಿರಾಕಿಗೆ ಹೇಳೋ ವ್ಯಾಪಾರೀನ ನೀನು ನೋಡಿದ್ದೀಯಾ ತಮ್ಮಾ?"

"ಇಲ್ಲಕ್ಕ."

"ನಾನೂ ನೋಡಿಲ್ಲ. ಅದಕ್ಕೇ ಅನುಮಾನ."

ಆದರೂ ಒಳಗೆ ಹೋಗಿ ಕಾಯುತ್ತೇನೆ ಎಂದು ಹೇಳಿ ಬಂದಳು. ಅಲ್ಲಿಂದ ಈಚೆಗೆ ಐದು ಸಲ ಹೋಗಿದ್ದೇವೆ. ಹಿಂದಿನ ಅಳತೆ ನೋಡದೆ ಅಳೆಯಬೇಕು ಎಂಬುದು ಅವಳ ಕರಾರು. ಡಾಕ್ಟರು ನಕ್ಕು ಒಪ್ಪಿದ್ದಾರೆ. ಮೊನ್ನೆಯೂ ಐದೇ ಬಂತು. "ಇನ್ನೊಂದ್ಸಲ," ಎಂದಳು. ಮತ್ತೆ ಅಳೆದರು. ಐದು. ಅಕ್ಕ ಕತ್ತಿನ ಲೋಳೆ ಒರೆಸಿಕೊಂಡು ಮುಂದಿನ ತಾರೀಖು ಬರೆಸಿಕೊಂಡಳು. ಆ ಚೀಟಿಯನ್ನು ತಾನು ಓದಿ, ನನ್ನ ಕೈಲೂ ಒಂದು ಸಲ ಓದಿಸಿದಳು.