ಶಾಲಿನ ಕೆಳಗಿನ ಸೌದಾ

ಶಾಸ್ತ್ರ ಬರೆದವರು ಮನುಷ್ಯನ ವೈರಿಗಳನ್ನು ಎಣಿಸುವಾಗ ಕಾಮ, ಕ್ರೋಧ ಎಂದು ಶುರು ಮಾಡಿ ಮತ್ಸರಕ್ಕೆ ಬಂದು ನಿಲ್ಲಿಸಿಬಿಟ್ಟರು. ಆರು ಸಾಕೆನಿಸಿತೇನೋ. ಅವರ ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲವೆಂದು ಕಾಣುತ್ತದೆ. ಹಿಡಿದಿದ್ದರೆ ಏಳನೆಯದಾಗಿ ಬೇಸರವನ್ನು ಸೇರಿಸುತ್ತಿದ್ದರು. ಅದು ಒಳಗೆ ಕಾಲಿಟ್ಟರೆ ಉಳಿದ ಆರೂ ತಾವಾಗಿ ಮನೆ ಖಾಲಿ ಮಾಡುತ್ತವೆ. ನನಗಂತೂ ಈಗ ಸಿಟ್ಟು ಕೂಡ ಸರಿಯಾಗಿ ಬರುವುದಿಲ್ಲ.

ಹೆಂಡತಿ ಸುಮಿತ್ರಾಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋದವು. ಅವಳನ್ನು ಮಿರಜದ ದವಾಖಾನೆಯಿಂದ ಸಾಂಗಲಿಯ ಮನೆಗೆ ಕರೆತಂದ ಮೇಲೆ, ಅರಿಷಿಣದ ಅಂಗಡಿಯನ್ನು ತಮ್ಮನ ಮಗ ಮಹೇಶನಿಗೆ ಬಿಟ್ಟು ನಾನು ಮಂಚದ ಪಕ್ಕದ ಕುರ್ಚಿ ಹಿಡಿದೆ. ಜೀವಮಾನವೆಲ್ಲ ಅಂಗಡಿಯಲ್ಲಿ ಕೂತವನಿಗೆ ಕೂಡುವುದೇನು ಹೊಸದಲ್ಲ. ಆದರೆ ಅಲ್ಲಿ ಜನ ಬರುತ್ತಿದ್ದರು, ಜಗಳವಾದರೂ ಆಗುತ್ತಿತ್ತು. ಇಲ್ಲಿ ಫ್ಯಾನು ತಿರುಗುತ್ತದೆ, ಅಷ್ಟೇ.

ನೋಡಲು ಬಂದವರು ಚಹಾ ಕುಡಿದು ಬುದ್ಧಿ ಹೇಳಿ ಹೋದರು. ಧ್ಯಾನ ಮಾಡ್ರಿ, ನದೀ ದಂಡಿಗೆ ತಿರುಗ್ಯಾಡ್ರಿ. ಮಹೇಶ ಬೆಳಗಾದರೆ ಹೂವಿನ ಚಿತ್ರದ ಮೇಲೆ 'ಈ ಕ್ಷಣದಲ್ಲಿ ಬದುಕಿ' ಎಂದು, ಅದೂ ಮರಾಠಿಯಲ್ಲಿ, ಮೊಬೈಲಿಗೆ ಕಳಿಸುತ್ತಾನೆ. ನನಗೆ ಬೇಡವಾಗಿದ್ದದ್ದೇ ಈ ಕ್ಷಣ.

ಅಷ್ಟರಲ್ಲಿ ಸುಮಿತ್ರಾ ಊಟ ಬಿಟ್ಟಳು. ಚಮಚ ಕಂಡರೆ ಮುಖ ತಿರುಗಿಸುವಳು. ಹೀಗೇ ಆದರೆ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಹೂಂ ಅಂದೆ. ಹೆದರುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಒಂದು ಮಧ್ಯಾಹ್ನ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು, ಅವಳು ಹೊದ್ದ ಶಾಲಿನ ಕೆಳಗೆ ಅವಳ ಎಡಗೈ ಹಿಡಿದುಕೊಂಡು ಮೊಬೈಲು ನೋಡುತ್ತಿದ್ದೆ. ಅವಳು ನನ್ನ ಎರಡು ಬೆರಳು ಒತ್ತಿದಳು. ನಾನು ನೋಡದೆಯೇ ಅವಳ ನಾಲ್ಕು ಬೆರಳು ಒತ್ತಿ, "ಅಷ್ಟಕ್ಕ ಗಿಟ್ಟೂದಿಲ್ಲ" ಅಂದುಬಿಟ್ಟೆ.

ಇದು ನಮ್ಮ ಪೇಟೆಯವರು ಮಾತ್ರ ಮಾಡಬಹುದಾದ ತಪ್ಪು. ಅರಿಷಿಣದ ಸೌದಾದಲ್ಲಿ, ಅಂದರೆ ವ್ಯಾಪಾರ ಕುದುರಿಸುವಾಗ, ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವ, ಮಾರುವವ ರುಮಾಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ. ದರ ಕುದುರುವ ತನಕ ಮೂರನೆಯವರಿಗೆ ಗೊತ್ತಾಗಬಾರದು. ಕುದುರಿದ ಕೂಡಲೇ ಕೈ ಬಿಡಬೇಕು. ಹೊಸ ಪದ್ಧತಿಗಳು ಬಂದರೂ ನನ್ನ ಕೈ ಹಳೆಯದು.

ತಲೆ ಎತ್ತಿ ನೋಡಿದರೆ ಸುಮಿತ್ರಾಳ ಅರ್ಧ ಮುಖ ನಗುತ್ತಿತ್ತು. ಇನ್ನರ್ಧಕ್ಕೆ ನಗಲು ಬರುವುದಿಲ್ಲ. ಅವಳ ಅಪ್ಪನೂ ಅರಿಷಿಣದ ದಲಾಲ; ಈ ವಿದ್ಯೆ ಅವಳಿಗೆ ತವರಿನ ಬಳುವಳಿ. ಮತ್ತೆ ಎರಡು ಒತ್ತಿ ಬಟ್ಟಲ ಕಡೆ ಕಣ್ಣು ಹೊರಳಿಸಿದಳು. "ಎರಡ ಚಮಚಾ? ಆಗೂದಿಲ್ಲ, ನಾಕು" ಅಂದೆ. ಮೂರಕ್ಕೆ ಕುದುರಿತು. ಮೂರು ಚಮಚ ಗಂಜಿ ಒಳಗೆ ಹೋಯಿತು. ನನಗೆ ಅಳು ಬಂತು.

ಅಂದಿನಿಂದ ಹೊತ್ತುಹೊತ್ತಿಗೂ ಇದೇ ವ್ಯಾಪಾರ. ಇದರಲ್ಲಿ ಮೈಮರೆಯುವಂತಿಲ್ಲ. ಬೆರಳು ಎಷ್ಟು ಗಟ್ಟಿಯಾಗಿ ಒತ್ತಿತು, ಕಣ್ಣು ಏನಂತು, ಎಲ್ಲ ಗಮನಿಸಬೇಕು. ಮೊಬೈಲು ನೋಡುತ್ತ ಕೂತ ದಿನ ಅವಳು ಒಂದೇ ಚಮಚಕ್ಕೆ ಒಪ್ಪಿಸಿ ಬಾಯಿ ಮುಚ್ಚಿಬಿಟ್ಟಳು. ಪೇಟೆಯಲ್ಲಿ ನನ್ನನ್ನು ಯಾರೂ ಹಾಗೆ ಮುಳುಗಿಸಿರಲಿಲ್ಲ.

ನಳಿಗೆ ತಪ್ಪಿತು. ಹಾಗೆಂದು ಇದನ್ನು ಯಾರೂ ಹೂವಿನ ಚಿತ್ರ ಹಾಕಿ ಫಾರ್ವರ್ಡ್ ಮಾಡಬೇಡಿ. ಮಾತು ಮರಳಿ ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಎಡಗೈಯ ಹಿಡಿತವೂ ದಿನದಿನಕ್ಕೆ ಸಡಿಲಾಗುತ್ತಿದೆ. ಬೇಸರ ಹೋಗಿಲ್ಲ, ಬಾಗಿಲಾಚೆ ಕೂತು ಸೌದಾ ಮುಗಿಯುವುದನ್ನು ಕಾಯುತ್ತದೆ.

ಈಚೆಗೆ ಅವಳು ಚೌಕಾಸಿ ಬೆಳೆಸತೊಡಗಿದ್ದಾಳೆ. ನಾನು ಇಳಿದರೆ ತಾನೂ ಇಳಿಯುತ್ತಾಳೆ, ಅವಳ ದರಕ್ಕೆ ಬಂದರೂ ಒಪ್ಪುವುದಿಲ್ಲ. ಗಂಜಿ ಆರಿಹೋಗುತ್ತದೆ. ಮೊದಮೊದಲು ರೇಗುತ್ತಿದ್ದೆ. ಈಗ ನಾನೂ ಬೆಳೆಸುತ್ತೇನೆ.

ನಿನ್ನೆ ಮಹೇಶ ಬಂದವನು ಬಾಗಿಲಲ್ಲೇ ನಿಂತು ನಮ್ಮನ್ನು ನೋಡಿದ.

"ಕಾಕಾ, ಇನ್ನೂ ಕುದರಿಲ್ಲೇನ್ರಿ ಸೌದಾ?"

"ಇಲ್ಲೋ ಮಹೇಶಾ," ಅಂದೆ. "ಕುದರಿದರ ಕೈ ಬಿಡಬೇಕಾಗತೈತಿ."