ಎಂಟು ಬೆರಳಿನ ಟೈಪಿಂಗ್ ಮಿಸ್

ಎಡಗೈಯಲ್ಲಿ ಅವರಿಗೆ ಮೂರೇ ಬೆರಳಿದ್ದವು. ಕಿರುಬೆರಳೂ ಅದರ ಪಕ್ಕದ ಬೆರಳೂ ಬುಡದಿಂದಲೇ ಇರಲಿಲ್ಲ. ಆ ಜಾಗದ ಚರ್ಮ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಕೆ.ಆರ್. ನಗರದ ಕಡೆಯ ತಮ್ಮ ಹಳ್ಳಿಯಲ್ಲಿ, ಒಂಬತ್ತನೇ ವಯಸ್ಸಿಗೆ, ಆಲೆಮನೆಯ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ಹೋದ ಬೆರಳುಗಳವು. ಉಳಿದ ಮೂರರಲ್ಲಿ ಒಂದು ಬೆರಳು ಎಡಕ್ಕೆ ಹಾರಿ ಅಕ್ಷರ ಹೊಡೆದು, ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನ ಜಾಗಕ್ಕೆ ವಾಪಸಾಗುತ್ತಿತ್ತು. ಹಾಗೇ ಅಭ್ಯಾಸ ಮಾಡಿಕೊಂಡು ಟೈಪಿಂಗಿನ ಸೀನಿಯರ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ್ದರು. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಹಳೆಯ ಮಹಡಿಯ ಮೇಲೆ, ಟೈಪಿಂಗ್ ಶಾಲೆ ಇಟ್ಟಿದ್ದರು.

ಹೊಸದಾಗಿ ಸೇರಿದವರ ಕಣ್ಣು ಮೊದಲು ಆ ಕೈಯ ಮೇಲೇ ಹೋಗುತ್ತಿತ್ತು. ಮಿಸ್ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡವರಲ್ಲ. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡ್ಕೊಂಡ್ರಾ? ಸರಿ. ಈಗ ನಿಮ್ಮ ಕೈ ನೋಡ್ಕಳಿ. ಹತ್ತೂ ಅವೆ ತಾನೆ? ಇನ್ಮೇಲೆ ನೆಪ ಹೇಳಂಗಿಲ್ಲ" ಅನ್ನುತ್ತಿದ್ದರು.

ನಾನು ಸೇರಿದಾಗ ನನಗೆ ಇಪ್ಪತ್ತೇಳು ವರ್ಷ. ಗಂಡನ ಮನೆ ಬಿಟ್ಟು ಕಟ್ಟೆಮಳಲವಾಡಿಗೆ, ಅಣ್ಣನ ಮನೆಗೆ ಬಂದು ಕೂತು ವರ್ಷವಾಗಿತ್ತು. ಸೇರುವ ಫಾರಂನಲ್ಲಿ 'ತಂದೆ ಅಥವಾ ಗಂಡನ ಹೆಸರು' ಎಂಬ ಜಾಗಕ್ಕೆ ಬಂದಾಗ ನನ್ನ ಪೆನ್ನು ನಿಂತುಹೋಯಿತು. ಅಪ್ಪ ಇರಲಿಲ್ಲ, ಗಂಡನ ಹೆಸರು ಬರೆಯಲು ಮನಸ್ಸಿರಲಿಲ್ಲ. ಮಿಸ್ ಫಾರಂ ಎಳೆದುಕೊಂಡು ಆ ಸಾಲಿನ ಮೇಲೆ ಉದ್ದಕ್ಕೆ ಗೀಟು ಹಾಕಿದರು. "ಟೈಪ್ ಮಾಡೋಳು ನೀನು. ಬುಡು ಆ ಕಾಲಂ." ಅಷ್ಟೇ. ಮುಂದೆ ಎಂದೂ ಆ ವಿಷಯ ಕೇಳಲಿಲ್ಲ. ಎರಡು ವರ್ಷದಲ್ಲಿ ನನ್ನಿಂದ ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಪಾಸು ಮಾಡಿಸಿ, ನನ್ನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಟೈಪಿಂಗ್ ಮಿಷನ್ನುಗಳ ಎದುರು ಸಾಲಿಗೆ ನಾಲ್ಕು ಕಂಪ್ಯೂಟರುಗಳೂ ಬಂದಿದ್ದವು. ಮೈಸೂರಿನ ಒಬ್ಬ ವ್ಯಾಪಾರಿ ಬಿಡಿಭಾಗ ಜೋಡಿಸಿ ಮಾಡಿಕೊಟ್ಟಿದ್ದು. ಜೊತೆಗೆ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಂದರೆ ರಿಬ್ಬನ್ನಿನ ಮೇಲೆ ಸೂಜಿ ಕುಟ್ಟಿ ಕರ್‌ಕರ್ ಎಂದು ಅಚ್ಚು ಹಾಕುವ ದೊಡ್ಡ ಯಂತ್ರ. ಅರ್ಜಿ, ಕರಾರುಪತ್ರ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಲೈಸೆನ್ಸಿನ ಕಾಗದ, ಕಾಲೇಜು ಮಕ್ಕಳ ವರದಿ, ಎಲ್ಲ ಅದರಲ್ಲೇ. ಶಾಲೆಯ ಬಾಡಿಗೆ ಹುಟ್ಟುತ್ತಿದ್ದದ್ದು ಆ ಪ್ರಿಂಟರಿನಿಂದ.

ಒಂದು ಮಂಗಳವಾರ ಎಚ್.ಡಿ. ಕೋಟೆ ಕಡೆಯ ಹಾಡಿಯೊಂದರಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಕಾಡಂಚಿನ ಆ ಹಾಡಿಯ ಬುಡಕಟ್ಟು ಜನರಿಗೆ ರೇಷನ್ ಕಾರ್ಡಿರಲಿಲ್ಲ. ಮನೆಮನೆಯವರ ಹೆಸರಿನ ಪಟ್ಟಿ ಕೊಡಿ ಎಂದು ಕಚೇರಿಯೊಂದರಲ್ಲಿ ಕೇಳಿದ್ದರು. ಹಿಂದಿನ ತಿಂಗಳು ಮಿಸ್ ಅದನ್ನು ಟೈಪ್ ಮಿಷನ್ನಿನಲ್ಲೇ ನೀಟಾಗಿ ಹೊಡೆದುಕೊಟ್ಟಿದ್ದರು. ಅಜ್ಜಿ ಅದನ್ನೇ ಮಡಿಸಿ ವಾಪಸ್ ತಂದಿದ್ದರು.

"ಇದು ನಡೆಯಲ್ವಂತೆ ಕಣವ್ವಾ. ಕಂಪೂಟ್ರಲ್ಲಿ ಮಾಡಿಸ್ಕಂಡು ಬಾ ಅಂದ್ರು. ಸೋಮವಾರ ದೊಡ್ಡ ಸಾಹೇಬ್ರು ಹುಣಸೂರಿಗೆ ಬತ್ತಾರಂತೆ. ಅವತ್ತು ಕೊಡ್ನಿಲ್ಲ ಅಂದ್ರೆ ಬರೋ ವರ್ಸವೇ ಅಂತೆ."

"ಸೋಮವಾರ ಬೆಳಿಗ್ಗೆ ಬನ್ನಿ ಅಜ್ಜಿ. ಮೂರು ಪ್ರತಿ ಮಾಡಿಟ್ಟಿರ್ತೀನಿ" ಅಂದರು ಮಿಸ್.

ಆ ಗುರುವಾರವೇ ಇಸ್ತ್ರಿ ಅಂಗಿಯ ಇಬ್ಬರು ಗಂಡಸರು ಮೆಟ್ಟಿಲು ಹತ್ತಿ ಬಂದರು. ಯಾವುದೋ ಕಂಪನಿಯ ಪರವಾಗಿ ತಪಾಸಣೆ ಎಂದು ಒಂದು ಗುರುತಿನ ಚೀಟಿಯನ್ನು ಓದಲು ಬಿಡದಷ್ಟು ಬೇಗ ತೋರಿಸಿ ಜೇಬಿಗಿಟ್ಟರು. ಕಂಪ್ಯೂಟರುಗಳನ್ನು ಒಂದೊಂದಾಗಿ ನೋಡಿ ಅವರಲ್ಲಿ ದಪ್ಪನೆಯವನು ಹೇಳಿದ: "ಇದ್ರಲ್ಲಿರೋ ಸಾಫ್ಟ್‌ವೇರೆಲ್ಲ ಕಳ್ಳ ಪ್ರತಿ ಮೇಡಂ. ಕೇಸ್ ಹಾಕಿದ್ರೆ ನಾಲ್ಕೂ ಹೊತ್ಕೊಂಡು ಹೋಗ್ತೀವಿ. ಬೇಡ ಅಂದ್ರೆ, ಒಂದೊಂದಕ್ಕೆ ಇಷ್ಟು ಅಂತ ಇಲ್ಲೇ ಮುಗಿಸ್ಬೋದು."

ವ್ಯಾಪಾರಿ ಕದ್ದ ಪ್ರತಿ ಹಾಕಿಕೊಟ್ಟಿದ್ದು ಮಿಸ್‌ಗೆ ಗೊತ್ತೇ ಇರಲಿಲ್ಲ. ಅವರ ಮುಖ ಕೆಂಪಾಯಿತು. ಆದರೂ ಸ್ವರ ಏರಲಿಲ್ಲ. "ರಸೀದಿ ಕೊಡ್ತೀರಾ?"

"ಇದಕ್ಕೆಲ್ಲ ರಸೀದಿ ಎಲ್ಲಿ ಬರತ್ತೆ ಮೇಡಂ?"

"ಹಂಗಾದ್ರೆ ದುಡ್ಡೂ ಬರಲ್ಲ ಕಣ್ರೀ."

ಸೋಮವಾರ ಬರುತ್ತೇವೆ, ಅಷ್ಟರಲ್ಲಿ ಯೋಚನೆ ಮಾಡಿಟ್ಟಿರಿ ಎಂದು ಹೇಳಿ ಇಬ್ಬರೂ ಇಳಿದು ಹೋದರು.

ಮಿಸ್ ಮೇಜಿನ ಖಾನೆಯಿಂದ ಒಂದು ಸಿ.ಡಿ. ತೆಗೆದರು. ಪರೀಕ್ಷೆ ಮೇಲ್ವಿಚಾರಣೆಗೆಂದು ಬರುತ್ತಿದ್ದ ಮೈಸೂರಿನ ಉಪನ್ಯಾಸಕರೊಬ್ಬರು ಕೊಟ್ಟಿದ್ದು. ಅದರಲ್ಲಿದ್ದದ್ದು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಂಚಬಹುದು, ಬಿಚ್ಚಿ ನೋಡಬಹುದು, ಯಾರಪ್ಪನ ಅಪ್ಪಣೆಯೂ ಬೇಡ ಎಂದು ಅವರು ವಿವರಿಸಿದ್ದರಂತೆ. ಆರು ತಿಂಗಳಿಂದ ಅದು ಖಾನೆಯಲ್ಲೇ ಇತ್ತು.

"ಮಿಸ್, ಸೋಮವಾರದವರೆಗೆ ಇದ್ದಂಗೇ ಇರ್ಲಿ. ಹಾಡಿಯವರ ಪಟ್ಟಿ ಮುಗಿಸ್ಬುಟ್ಟು ಆಮೇಲೆ ಅಳಿಸೋಣ" ಅಂದೆ.

"ಕದ್ದಿದ್ದು ಅಂತ ಗೊತ್ತಾದ್ಮೇಲೆ ಅದ್ರಲ್ಲಿ ಆ ಜನರ ಹೆಸರು ಬರೀಲಾ? ಆಗಲ್ಲ ಕಣೇ."

ಶುಕ್ರವಾರ ನಾಲ್ಕೂ ಕಂಪ್ಯೂಟರ್ ಅಳಿಸಿ ಹೊಸದನ್ನು ಹಾಕಿದೆವು. ಪರದೆಯ ಮೇಲೆ ಎಲ್ಲ ಬಂತು. ಪ್ರಿಂಟರ್ ಮಾತ್ರ ಜಪ್ಪಯ್ಯ ಅಂದರೂ ಓಡಲಿಲ್ಲ. ಮಿಸ್ ಎಸ್‌ಟಿಡಿ ಬೂತಿನಿಂದ ಮೈಸೂರಿನ ವ್ಯಾಪಾರಿಗೆ ಫೋನ್ ಮಾಡಿದರು. ಅವನ ನಗು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಅದ್ರಲ್ಲಿ ಪ್ರಿಂಟರ್ ಓಡಲ್ಲ ಮೇಡಂ! ನನ್ನ ಮಾತು ಕೇಳಿ, ಬಂದವರ ಕೈಗೆ ಏನಾದ್ರೂ ಇಟ್ಟು ಕಳಿಸಿ. ಹೆಂಗಸ್ರಿಗ್ಯಾಕೆ ಈ ಉಸಾಬರಿ?"

ಮಿಸ್ ಫೋನ್ ಇಟ್ಟರು. "ಓಡಲ್ವಂತೆ. ನೋಡೇಬುಡ್ತೀನಿ."

ಆಗ ದಿನಕ್ಕೆ ಆರೇಳು ಗಂಟೆ ಕರೆಂಟ್ ತೆಗೆಯುತ್ತಿದ್ದರು. ಕರೆಂಟ್ ಇಲ್ಲದಾಗ ಮಿಸ್ ಸಿ.ಡಿ. ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಕಿಟಕಿಯ ಬೆಳಕಿನಲ್ಲಿ ಓದುತ್ತಿದ್ದರು. ಕರೆಂಟ್ ಬಂದ ತಕ್ಷಣ ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಶನಿವಾರ ಬೆಳಿಗ್ಗೆ ಕೈಪಿಡಿಯಲ್ಲಿದ್ದ ಒಂದು ಆಜ್ಞೆಯನ್ನು ಟೈಪ್ ಮಾಡಿ ಒತ್ತಿದ್ದೇ ತಡ, ಪ್ರಿಂಟರ್ ಕರ್ ಎಂದಿತು. ನಾನು ಚಪ್ಪಾಳೆ ತಟ್ಟಿದೆ. ಕಾಗದ ಹೊರಬಂದಾಗ ನೋಡಿದರೆ ಮೊದಲ ಸಾಲು ಸರಿ ಇತ್ತು. ಎರಡನೆಯದು, ಮೊದಲ ಸಾಲು ಎಲ್ಲಿ ಮುಗಿದಿತ್ತೋ ಅದರ ಕೆಳಗಿನಿಂದ ಶುರುವಾಗಿತ್ತು. ಮೂರನೆಯದು ಇನ್ನೂ ಬಲಕ್ಕೆ. ಅಕ್ಷರಗಳು ಮೆಟ್ಟಿಲಿಳಿದಂತೆ ಇಳಿದು ಕಾಗದದ ಅಂಚಿನಿಂದಾಚೆ ಮಾಯವಾಗಿದ್ದವು.

ನನಗೆ ಅಳುವೇ ಬಂತು. ಮಿಸ್ ಕಾಗದವನ್ನು ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿದರು. ಆಮೇಲೆ ಎದ್ದು ಮಹಡಿ ನಡುಗುವಂತೆ ನಕ್ಕರು.

"ಅಯ್ಯೋ, ಇದು ಮೊದಲನೇ ದಿನ ಬಂದ ಹುಡುಗೀರು ಮಾಡೋ ತಪ್ಪು ಕಣೇ! ಸಾಲು ಮುಗಿದ ಮೇಲೆ ನಾವೇನ್ ಮಾಡ್ತೀವಿ ಹೇಳು?"

"ಹಿಡಿ ತಳ್ತೀವಿ ಮಿಸ್."

"ತಳ್ಳಿದ್ರೆ ಎರಡು ಕೆಲಸ ಆಗತ್ತೆ. ಕಾಗದ ಒಂದು ಸಾಲು ಮೇಲೆ ಹೋಗತ್ತೆ, ಅದನ್ನ ಹೊತ್ತ ಕ್ಯಾರೇಜು ಮೊದಲಿನ ಜಾಗಕ್ಕೆ ವಾಪಸ್ ಬರತ್ತೆ. ಇಲ್ಲಿ ಕಾಗದ ಮೇಲೆ ಹೋಗಿದೆ, ಕ್ಯಾರೇಜು ವಾಪಸ್ ಬಂದಿಲ್ಲ. ಪ್ರಿಂಟರ್ ಕೆಟ್ಟಿಲ್ಲ. ವಾಪಸ್ ಬಾ ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ."

ಯಾರು ಹೇಳಬೇಕು ಎಂದು ಮತ್ತೆ ಕೈಪಿಡಿ ಹುಡುಕಿದರು. ನಾವು ಪ್ರಿಂಟರಿನ ಮಾದರಿ ಯಾವುದೆಂದು ಕಂಪ್ಯೂಟರಿಗೆ ತಿಳಿಸಿರಲಿಲ್ಲ, ಹಾಗಾಗಿ ಅದು ಬರಹವನ್ನು ಇದ್ದದ್ದು ಇದ್ದ ಹಾಗೆ ದಾಟಿಸುತ್ತಿತ್ತು. ಇಂಟರ್ನೆಟ್ ಪುಟಗಳನ್ನು ನೋಡುವ ಕಿಟಕಿಯಲ್ಲೇ ಒಂದು ವಿಳಾಸ ಬರೆದರೆ ಇಂಟರ್ನೆಟ್ ಇಲ್ಲದೆಯೂ ಪ್ರಿಂಟರಿನ ಪುಟ ತೆರೆಯುತ್ತಿತ್ತು. ಅಲ್ಲಿ ಉದ್ದದ ಪಟ್ಟಿಯಲ್ಲಿ ನಮ್ಮ ಯಂತ್ರದ ಮಾದರಿ ಹುಡುಕಿ ಆರಿಸಿದೆವು. ಮಧ್ಯಾಹ್ನ ಕರೆಂಟ್ ಹೋಗುವ ಮೊದಲು ಸಾಲುಗಳು ಒಂದರ ಕೆಳಗೊಂದು ನೆಟ್ಟಗೆ ನಿಂತವು.

ಕನ್ನಡ ಇನ್ನೂ ಬಾಕಿ ಇತ್ತು. ಮೊದಲ ಪುಟದಲ್ಲಿ ಒತ್ತಕ್ಷರಗಳು ಕೆಳಗೆ ಹೋಗದೆ ಪಕ್ಕಕ್ಕೆ ಬಂದು ಕೂತವು. ಹೆಸರುಗಳನ್ನು ಇಂಗ್ಲಿಷಿನಲ್ಲಿ ಹಾಕಿಬಿಡೋಣವೇ ಎಂದೆ. "ಹಾಡೀಲಿ ಕನ್ನಡ ಬರೋರು ಯಾರಾದ್ರೂ ಅಜ್ಜಿಗೆ ಓದಿ ಹೇಳ್ಬೇಕು ತಾನೆ? ತಮ್ಮ ಹೆಸರು ಇದೆಯೋ ಇಲ್ವೋ ಅಂತ ಅವರ್ಗೆ ಗೊತ್ತಾಗ್ಲಿ" ಎಂದು ಮಿಸ್ ಎಸ್‌ಟಿಡಿ ಬೂತಿಗೆ ಹೋಗಿ ಉಪನ್ಯಾಸಕರಿಗೆ ಫೋನ್ ಮಾಡಿದರು. ಸಿ.ಡಿ.ಯಲ್ಲೇ ಇದ್ದ ಬೇರೊಂದು ಕನ್ನಡ ಅಕ್ಷರಶೈಲಿಯನ್ನು ಹಾಕಿದಾಗ ಒತ್ತುಗಳು ತಮ್ಮ ಜಾಗಕ್ಕೆ ಬಂದವು.

ಭಾನುವಾರ ಹೆಸರು ತುಂಬುವ ಕೆಲಸ. ನಾವಿಬ್ಬರೂ, ಬಿಳಿಕೆರೆಯಿಂದ ಬಂದು ಸೀನಿಯರ್ ಪರೀಕ್ಷೆಗೆ ಕಲಿಯುತ್ತಿದ್ದ ಇಬ್ಬರು ಹೆಂಗಸರೂ ನಾಲ್ಕು ಕಂಪ್ಯೂಟರಿನ ಮುಂದೆ ಕೂತೆವು. ಪ್ರಿಂಟರ್ ಇದ್ದದ್ದು ಬಾಗಿಲ ಬಳಿಯ ಒಂದಕ್ಕೆ ಮಾತ್ರ. ಉಳಿದ ಮೂರು ವೈರಿನಲ್ಲಿ ಅದಕ್ಕೆ ಸೇರಿದ್ದವು. ಮಿಸ್ ಬಾಗಿಲ ಬಳಿಯದರಲ್ಲಿ 'ಹಂಚಿಕೊಳ್ಳಲಿ' ಎಂಬ ಗುರುತು ಹಾಕಿ, ಉಳಿದವುಗಳಲ್ಲಿ ಅದರ ವಿಳಾಸ ಕೊಟ್ಟರು. ಕೊನೆಯ ಕಂಪ್ಯೂಟರಿನಲ್ಲಿ ನಾನು ಒತ್ತಿದೆ. ಅಷ್ಟು ದೂರದಲ್ಲಿ ಬಾಗಿಲ ಬಳಿ ಪ್ರಿಂಟರ್ ಕರ್ ಎಂದಿತು. ಸಂಜೆ ಕರೆಂಟ್ ಹೋಗುವುದರೊಳಗೆ ಮೂರು ಪ್ರತಿ ಸಿದ್ಧವಾಗಿದ್ದವು.

ಸೋಮವಾರ ಹತ್ತು ಗಂಟೆಗೆ ಅಜ್ಜಿ ಬೆಂಚಿನ ಮೇಲೆ ಕೂತಿದ್ದರು. ಆ ಇಬ್ಬರೂ ಬಂದರು. ದಪ್ಪನೆಯವನು ಮೊದಲ ಕಂಪ್ಯೂಟರ್ ಹಾಕಿ, ಎರಡನೆಯದು ಹಾಕಿ, ನಾಲ್ಕನ್ನೂ ನೋಡಿ ತಲೆ ಕೆರೆದುಕೊಂಡ.

"ಏನ್ರೀ ಇದು?"

"ಹುಡುಕಿ. ಕದ್ದಿದ್ದು ಒಂದು ಸಿಕ್ಕಿದ್ರೂ ಹೊತ್ಕೊಂಡು ಹೋಗಿ."

"ಇದೆಲ್ಲ ಬರೀ ಆಟದ ಸಾಮಾನು ಮೇಡಂ. ಇದ್ರಲ್ಲಿ ಒಂದು ಪ್ರಿಂಟ್ ತೆಗೀರಿ ನೋಡೋಣ."

ಮಿಸ್ ಕೊನೆಯ ಕಂಪ್ಯೂಟರಿನ ಮುಂದೆ ಕೂತು ಎಂಟು ಬೆರಳಲ್ಲಿ ಪಟಪಟ ಹೊಡೆದು ಒತ್ತಿದರು. ಅವನ ಬೆನ್ನ ಹಿಂದೆಯೇ ಪ್ರಿಂಟರ್ ಶಬ್ದ ಮಾಡಿದ್ದಕ್ಕೆ ಬೆಚ್ಚಿ ತಿರುಗಿದ. ಮಿಸ್ ಕಾಗದ ಹರಿದು ಅವನಿಗೇ ಕೊಟ್ಟರು. 'ಈ ದಿನ ನಾವು ಈ ಶಾಲೆಯ ನಾಲ್ಕು ಕಂಪ್ಯೂಟರುಗಳನ್ನು ತಪಾಸಣೆ ಮಾಡಿದ್ದು, ಕದ್ದ ಪ್ರತಿ ಯಾವುದೂ ಇರುವುದಿಲ್ಲವೆಂದು ಬರೆದುಕೊಟ್ಟಿರುತ್ತೇವೆ.' ಕೆಳಗೆ ಎರಡು ಹೆಸರಿಗೆ, ಎರಡು ಸಹಿಗೆ ಜಾಗ.

"ಸೈನ್ ಮಾಡಿ" ಎಂದು ಪೆನ್ನು ಚಾಚಿದರು. "ತಪಾಸಣೆ ಮಾಡ್ದೋರು ನೀವೇ ತಾನೆ?"

ಅವನು ಪೆನ್ನು ಮುಟ್ಟಲಿಲ್ಲ. ಜೊತೆಯವನು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದ. ಇವನೂ ಹಿಂದೆಯೇ ಇಳಿದ. ಅಜ್ಜಿ ಬೆಂಚಿನಿಂದಲೇ ಕೇಳಿದರು: "ಯಾರವ್ವಾ ಅವ್ರು?" "ದಾರಿ ತಪ್ಪಿ ಬಂದೋರು ಬುಡಿ ಅಜ್ಜಿ" ಎಂದು ಮಿಸ್ ಚಪ್ಪಲಿ ಮೆಟ್ಟಿ, ಪಟ್ಟಿ ಹಿಡಿದು ಅಜ್ಜಿಯ ಜೊತೆ ತಾವೇ ಹೊರಟರು. ಸಾಹೇಬರ ಮುಂದೆ ನಿಂತು, ಒಂದು ಪ್ರತಿಯ ಮೇಲೆ ಮೊಹರು ಒತ್ತಿಸಿಕೊಂಡೇ ಬಂದರು. ಕಾರ್ಡುಗಳು ಬಂದದ್ದು ಮಾರನೇ ವರ್ಷ. ಎಲ್ಲರಿಗೂ ಬರಲಿಲ್ಲ. ಬಾರದವರ ಪಟ್ಟಿಯನ್ನು ಮತ್ತೆ ಮಾಡಿ ಮತ್ತೆ ಹೋದರು.

ಇದರಿಂದ ಅವರಿಗೆ ನಷ್ಟವಾಗದೆ ಇರಲಿಲ್ಲ. ವ್ಯಾಪಾರಿ ರಿಪೇರಿಗೆ ಬರುವುದನ್ನು ನಿಲ್ಲಿಸಿದ. ಅಲ್ಲಿ ಕಲಿತರೆ ಬೇರೆ ಕಡೆ ಉಪಯೋಗಕ್ಕಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದ. ಆ ವರ್ಷ ಕಂಪ್ಯೂಟರ್ ತರಗತಿಯಲ್ಲಿ ಏಳೇ ಜನ ಹುಡುಗಿಯರು ಉಳಿದರು. ಮಿಸ್ ಏಳು ಜನಕ್ಕೂ ಪ್ರಿಂಟರ್ ಬಿಚ್ಚಿ, ಜೋಡಿಸಿ, ಹೊಸದಾಗಿ ಸೇರಿಸುವುದನ್ನು ಕಲಿಸಿದರು. ಪಿರಿಯಾಪಟ್ಟಣದಲ್ಲೋ ಬೈಲಕುಪ್ಪೆಯಲ್ಲೋ ಯಾರದಾದರೂ ಅಂಗಡಿಯಲ್ಲಿ ಪ್ರಿಂಟರ್ ನಿಂತರೆ ಆ ಹುಡುಗಿಯರನ್ನೇ ಕರೆಸಿಕೊಳ್ಳುವ ಕಾಲವೂ ಬಂತು. "ಓಡಲ್ಲ ಅಂತ ಇನ್ನೊಬ್ರು ಹೇಳಿದ್ರೆ ನಂಬಬೇಡಿ. ನೀವೇ ಕೂತು ನೋಡಿ" ಅನ್ನುವುದು ಅವರ ಪ್ರತಿದಿನದ ಮಾತಾಗಿತ್ತು.

ಐದು ವರ್ಷದ ಮೇಲೆ ಅವರಿಗೆ ಕ್ಯಾನ್ಸರ್ ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಯಾವ ಹುಡುಗಿಯ ವೇಗ ಎಷ್ಟಾಯಿತು ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದರು. ಡಾಕ್ಟರು ಮೂರು ತಿಂಗಳು ಅಂದಿದ್ದರು. ಹನ್ನೊಂದು ತಿಂಗಳು ಬದುಕಿದರು.

ತೀರಿಕೊಂಡದ್ದು ಒಂದು ಗುರುವಾರ. ಭಾನುವಾರ ಟೈಪಿಂಗ್ ಪರೀಕ್ಷೆ ಇತ್ತು. ಊರಿಂದ ಬಂದಿದ್ದ ಮಿಸ್ ಅವರ ಅಣ್ಣ, ಸೂತಕ ಕಳೆಯುವವರೆಗೆ ಶಾಲೆ ಮುಚ್ಚಿರಲಿ, ಆಮೇಲೆ ಮಿಷನ್ನುಗಳನ್ನು ಮಾರುವ ಯೋಚನೆ ಮಾಡೋಣ ಎಂದಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಕಟ್ಟೆಮಳಲವಾಡಿಯಿಂದ ಮೊದಲ ಬಸ್ಸಿಗೆ ಬಂದೆ. ಹನ್ನೆರಡು ಹುಡುಗಿಯರು ಕೆಳಗೆ ಬೀದಿಯಲ್ಲಿ ನಿಂತಿದ್ದರು. ನಾನು ಮಹಡಿ ಹತ್ತಿ, ನನ್ನ ಬಳಿಯಿದ್ದ ಕೀಲಿಯಿಂದ ಬೀಗ ತೆಗೆದೆ.

ಅರ್ಧ ಗಂಟೆಯಲ್ಲಿ ಮಿಸ್ ಅವರ ಅಣ್ಣ ಬಂದರು. ಮಿಷನ್ನುಗಳ ಸದ್ದು ಬೀದಿಯವರೆಗೂ ಕೇಳಿಸಿರಬೇಕು. ಬಾಗಿಲಲ್ಲೇ ನಿಂತು, "ಯಾರಮ್ಮ ನಿನಗೆ ತೆಗಿ ಅಂತ ಹೇಳಿದ್ದು?" ಅಂದರು.

"ಯಾರೂ ಹೇಳಿಲ್ಲ" ಅಂದೆ.

ಅಲ್ಲಿಯವರೆಗಿನ ನನ್ನ ಬದುಕಿನಲ್ಲಿ ಯಾರೂ ಹೇಳದೆ ನಾನು ಯಾವ ಬಾಗಿಲನ್ನೂ ತೆಗೆದವಳಲ್ಲ.