ಮೊದಲ ಬಕೆಟ್ ನೀರು

ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್ ನೋಡಿ ಕೆಳಗಿಳಿದ ಮೆಕ್ಯಾನಿಕ್ ಶಿವಣ್ಣ ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡರು. ಏನನ್ನೂ ಬಿಚ್ಚಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಬಚ್ಚಲಿನ ನಲ್ಲಿಯಲ್ಲಿ ಬಿಸಿನೀರು ಬರುತ್ತಿಲ್ಲವೆಂದು ನಾನೇ ಅವರನ್ನು ಹ್ಯಾಂಡ್‌ಪೋಸ್ಟ್ ಊರಿನಿಂದ ಕರೆಸಿದ್ದೆ. ದಿನವೂ ಒಂದು ಬಕೆಟ್ ಹಿಡಿದು, ಆ ತಣ್ಣೀರಿನಲ್ಲೇ ಸ್ನಾನ ಮುಗಿಸುತ್ತಿದ್ದೆ.

"ಟ್ಯಾಂಕ್ ನೀರು ಕೈ ಸುಡ್ತದೆ ಕಣ್ರೀ ಸಾರ್. ರಾತ್ರಿಯೆಲ್ಲ ಪೈಪಲ್ಲಿ ನಿಂತಿದ್ದು ತಣ್ಣಗಾಗಿರ್ತದೆ. ಮೊದಲ್ನೇ ಬಕೆಟ್ ಅತ್ಲಾಗೆ ಬುಟ್ಬುಡಿ, ಎರಡನೇದು ಬಿಸಿ ಬತ್ತದೆ," ಎಂದು ನಕ್ಕರು. "ಒಳ್ಳೇ ಸಾರ್ ನೀವು! ಆರು ವರ್ಸದಿಂದ ಐತಲ್ಲ, ಇಷ್ಟ್ ದಿನ ಮೊದಲ್ನೇ ನೀರ್ನ ಯಾರು ಹಿಡೀತಿದ್ರು?"

ನಾನು ಏಳುವ ಮೊದಲೇ ಅವಳು ಅದೇ ನಲ್ಲಿಯಿಂದ ಒಂದು ಬಕೆಟ್ ಹಿಡಿದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ನನ್ನ ಸ್ನಾನಕ್ಕೆ ಸಿಗುತ್ತಿದ್ದುದು ಎರಡನೆಯ ಬಕೆಟ್. ಅದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ಈಗ ಮೊದಲ ಬಕೆಟ್ ನೀರನ್ನು ನಾನೇ ಬಾಗಿಲಿಗೆ ಹಾಕುತ್ತೇನೆ. ಸ್ನಾನಕ್ಕೆ ಬಿಸಿನೀರು ತಪ್ಪದೆ ಬರುತ್ತದೆ. ರಂಗೋಲಿ ಬಿಡಲು ಮಾತ್ರ ನನಗೆ ಬಾರದು. ಒದ್ದೆ ನೆಲ ಹಾಗೆಯೇ ಒಣಗುತ್ತದೆ.